ಅಮ್ಮ ಮೀನು ಬಿಟ್ಟ ವರ್ಷ

ಮೇ ತಿಂಗಳು ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು ನಾನು. ಪ್ರವೇಶ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಮಕ್ಕಳಿಗಿಂತ ಮೊದಲು ತಾಯಂದಿರು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಿರುತ್ತಾರೆ. ಮುಖಗಳು ಬೇರೆ ಬೇರೆ, ಪ್ರಶ್ನೆ ಒಂದೇ.

"ನಾವು ಇನ್ನು ಎಂತ ಮಾಡಬೇಕು ಟೀಚರ್? ಟಿವಿ ಕನೆಕ್ಷನ್ ತೆಗೆಸಿ ಆಯ್ತು. ಮದುವೆ, ಗೃಹಪ್ರವೇಶ ಎಲ್ಲಿಗೂ ಹೋಗುವುದಿಲ್ಲ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಆದ್ರೂ ಅವಳಿಗೆ ಮಾರ್ಕ್ ಬರುವುದಿಲ್ಲ ಅಲ್ವಾ?"

ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ, ಸರಿಯಾಗಿ ನಿದ್ದೆ ಮಾಡಲಿ ಎಂದು ಏನೋ ಹೇಳಿ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ, ಯಾರೂ ಜೋರಾಗಿ ಮಾತಾಡುವುದಿಲ್ಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದೇನೂ ನನಗೆ ಕೇಳಿಸುವುದೇ ಇಲ್ಲ. ಮೇಜಿನಡಿಯಲ್ಲಿ ಕಾಲು ತಾನಾಗಿ ಅಲ್ಲಾಡಲು ಶುರುವಾಗುತ್ತದೆ. ಆ ತಾಯಿಯ ಹಿಂದೆ ನಿಂತ ಹುಡುಗಿಯನ್ನು ನೋಡುತ್ತೇನೆ. ಅವಳು ನೆಲ ನೋಡುತ್ತಿರುತ್ತಾಳೆ. ಹಾಗೆ ನೆಲ ನೋಡಿಕೊಂಡು ಹದಿಮೂರು ತಿಂಗಳು ಕಳೆದವಳು ನಾನು. ನಮ್ಮ ಮನೆಯ ನೆಲದ ಕೆಂಪು ಸಿಮೆಂಟಿನಲ್ಲಿ ಎಲ್ಲೆಲ್ಲಿ ಬಿರುಕು ಇತ್ತು ಎಂದು ಇವತ್ತಿಗೂ ಹೇಳಬಲ್ಲೆ.

ನಮ್ಮ ಮನೆ ಇದ್ದದ್ದು ಉಚ್ಚಿಲದಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಮನೆ ಅಜ್ಜಿಯದು, ಎಂದರೆ ಅಮ್ಮನ ತಾಯಿಯದು. ನಮ್ಮಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಆದ್ದರಿಂದ ಯಜಮಾನಿಕೆ ಅಮ್ಮನ ಅಣ್ಣ ಸುಂದರ ಮಾವನದು. ಅಪ್ಪ ಮಸ್ಕತ್ತಿನಲ್ಲಿ ಡ್ರೈವರ್. ಶುಕ್ರವಾರ ಫೋನ್ ಮಾಡುತ್ತಿದ್ದರು, ಎಲ್ಲದಕ್ಕೂ "ಮಾವ ಹೇಳಿದ ಹಾಗೆ ಮಾಡು" ಎನ್ನುತ್ತಿದ್ದರು. ಮಾವನಿಗೆ ಮಲ್ಪೆಯಲ್ಲಿ ಒಂದು ಬೋಟಿನಲ್ಲಿ ಪಾಲು ಇತ್ತು. ಮನೆಯ ಚಾವಡಿಯ ಅರ್ಧ ಭಾಗ ಸದಾ ಬಲೆಯದ್ದು. ಹರಿದದ್ದನ್ನು ಸೇರಿಸುತ್ತಾ ನಾಲ್ಕೈದು ಮಂದಿ ಕೂತಿರುತ್ತಿದ್ದರು. ಚಾವಡಿಯ ಬಲಕ್ಕೆ ದೈವದ ಕೋಣೆ, ಎಡಕ್ಕೆ ಅಡುಗೆಮನೆ. ಅಡುಗೆಮನೆಯ ಹಿಂದಿನ ಮೆಟ್ಟಿಲಲ್ಲಿ ಕೂತರೆ ತೆಂಗಿನ ಮರಗಳ ಮೇಲೆ ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತಿತ್ತು. ನಮ್ಮದು ಬೊಬ್ಬೆಯ ಮನೆ. ಕಡಲಲ್ಲಿ ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಕೂಗಿ ಅಭ್ಯಾಸವಾದವರು ಚಾ ಬೇಕು ಎನ್ನುವುದನ್ನೂ ಕೂಗಿಯೇ ಹೇಳುತ್ತಿದ್ದರು. ಅಮ್ಮ ಬೈದರೆ ಹೆದ್ದಾರಿಯ ಬಸ್ ಸ್ಟಾಪಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ನಾನು ಅದರಲ್ಲೇ ಹುಟ್ಟಿ, ಅದರಲ್ಲೇ ಓದಿ, ಹತ್ತನೇ ತರಗತಿಯಲ್ಲಿ ಶಾಲೆಗೆ ಮೊದಲಿಗಳಾದವಳು.

ಆ ಮೊದಲಿನ ಸ್ಥಾನವೇ ಎಲ್ಲದಕ್ಕೂ ಕಾರಣ. ಮಾವ ಅದೇ ವಾರ ನನ್ನನ್ನು ವಿಜ್ಞಾನಕ್ಕೆ ಸೇರಿಸಿ ಬಂದರು. ಕುಟುಂಬಕ್ಕೊಂದು ಡಾಕ್ಟರ್ ಆಯಿತು ಎಂದು ಬೋಟಿನಲ್ಲೆಲ್ಲ ಹೇಳಿಕೊಂಡರು. ಆಗಿನ್ನೂ ಸಿಇಟಿ ಒಂದನ್ನೇ ಬರೆದರೆ ಸಾಕಿತ್ತು. ಮೊದಲ ಸಲ ಬರೆದಾಗ ನನ್ನ ರ‍್ಯಾಂಕ್ ಡಾಕ್ಟರ್ ಸೀಟಿನ ಹತ್ತಿರಕ್ಕೂ ಸುಳಿಯಲಿಲ್ಲ. ಪ್ರಾಮಾಣಿಕವಾಗಿ ಓದಿದ್ದೆ, ಪ್ರಾಮಾಣಿಕವಾಗಿಯೇ ಸೋತೆ. ಮನೆಯಲ್ಲಿ ಎಲ್ಲರೂ ಬೈಯುತ್ತಾರೆ ಎಂದು ಕಾದು ಕೂತರೆ ಒಬ್ಬರೂ ಬೈಯಲಿಲ್ಲ. ಮಾವ ದೈವದ ಕೋಣೆಯ ಹೊಸ್ತಿಲಲ್ಲಿ ಕೂತು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು.

"ಹುಡುಗಿಯ ತಪ್ಪಲ್ಲ. ನಾವು ಅವಳಿಗೆ ಸಹಾಯವೇ ಮಾಡಲಿಲ್ಲ. ಇನ್ನೊಂದು ವರ್ಷ ಕೂರಲಿ. ಈ ಸಲ ಮನೆಯವರೆಲ್ಲ ಸೇರಿ ಅವಳಿಗೆ ಸಹಾಯ ಮಾಡಬೇಕು."

ಮರುದಿನವೇ ಸಹಾಯ ಶುರುವಾಯಿತು. ಚಾವಡಿಯಲ್ಲಿದ್ದ ಬಲೆ ಅಂಗಳದ ಟಾರ್ಪಾಲಿನಡಿಗೆ ಹೋಯಿತು. ಬಲೆ ಕಟ್ಟುವವರು ಸನ್ನೆಯಲ್ಲಿ ಮಾತಾಡತೊಡಗಿದರು. ಪಕ್ಕದ ಮನೆಯವರು ಟಿವಿಯ ಧ್ವನಿ ಇಳಿಸಬೇಕಾಯಿತು. ಹೆದ್ದಾರಿಯ ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನ್ ಒಂದು ಮಾವನ ಮಾತು ಕೇಳಲಿಲ್ಲ. ಅಜ್ಜಿ ದಿನಾ ಬೆಳಿಗ್ಗೆ ಬಾವಿಯ ಬದಿಯಿಂದ ತಿಮರೆ ಎಲೆ ಕಿತ್ತು, ನೆನಪಿನ ಶಕ್ತಿಗೆಂದು ಬರಿ ಹೊಟ್ಟೆಗೆ ಅದರ ಚಟ್ನಿ ತಿನ್ನಿಸಿದಳು. ಆ ಒಂದೆಲಗದ ವಾಸನೆ ಬಂದರೆ ನನಗೆ ಈಗಲೂ ಬೆಂಜೀನಿನ ಷಟ್ಕೋನ ನೆನಪಾಗುತ್ತದೆ. ಮೌನ ಇನ್ನೂ ಸಾಲದು ಎಂದು ಕಾರ್ಕಳದಲ್ಲಿದ್ದ ಅಪ್ಪನ ಅಕ್ಕನ ಮನೆಗೆ ಒಮ್ಮೆ ಕಳಿಸಿದರು. ಅಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕೇ ದಿನಕ್ಕೆ ಚೀಲ ಹಿಡಿದು ವಾಪಸ್ ಬಂದೆ. ಏಕೆ ಬಂದೆ ಎಂದೂ ಯಾರೂ ಕೇಳಲಿಲ್ಲ. ಏನು ಮಾಡಿದರೂ ಬೈಯಬಾರದು, ಮನಸ್ಸು ಕೆಡುತ್ತದೆ ಎಂದು ಮಾವನ ಆಜ್ಞೆಯಾಗಿತ್ತು. ಒಂದು ದಿನ ಬೇಕೆಂದೇ ಚಾದ ಗ್ಲಾಸ್ ಒಡೆದು ನೋಡಿದೆ. ಅಮ್ಮ ನಗುನಗುತ್ತಾ ಚೂರು ಹೆಕ್ಕಿದಳು. ನನಗೆ ಮೈ ಉರಿದು ಹೋಯಿತು.

ಎಲ್ಲರಿಗಿಂತ ದೊಡ್ಡ ಸಹಾಯ ಅಮ್ಮನದು. ಮಾವ ತೀರ್ಪು ಕೊಟ್ಟ ಆ ಸಂಜೆಯೇ ಅವಳು ದೈವದ ಕೋಣೆಯ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹರಕೆ ಹೇಳಿಬಿಟ್ಟಿದ್ದಳು.

"ಮಗಳಿಗೆ ಡಾಕ್ಟರ್ ಸೀಟ್ ಆಗುವವರೆಗೆ ನಾನು ಮೀನು ಬಾಯಿಗೆ ಹಾಕುವುದಿಲ್ಲ."

ಅಮ್ಮನನ್ನು ಕಂಡವರಿಗೆ ಮಾತ್ರ ಇದು ಎಷ್ಟು ದೊಡ್ಡ ಮಾತೆಂದು ಗೊತ್ತಾಗುವುದು. ಬಂಗುಡೆಯ ತಲೆ ಮನೆಯಲ್ಲಿ ಅವಳಿಗೇ ಮೀಸಲು; ಅದನ್ನು ಅವಳು ಚೀಪುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಇದ್ದ ದಿನ ಎರಡು ಬಟ್ಟಲು ಗಂಜಿ ಹೆಚ್ಚು ಉಣ್ಣುವವಳು. ಹರಕೆ ಅವಳೊಬ್ಬಳದು, ಆದ್ದರಿಂದ ಉಳಿದವರಿಗೆ ಅವಳೇ ಮೀನು ಹೆಚ್ಚಬೇಕು, ಅರೆಯಬೇಕು, ಕಾಯಿಸಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ತಾನು ಗೋಡೆಗೆ ಒರಗಿ ಕೂತು ಗಂಜಿಗೆ ಬೇಯಿಸಿದ ಹೆಸರುಕಾಳನ್ನು ಹಾಕಿಕೊಳ್ಳುತ್ತಿದ್ದಳು. ನಾನು ಎದುರಿಗೆ ಕೂತು ಮೀನು ತಿನ್ನಬೇಕು. ತಿನ್ನದಿದ್ದರೆ ತಲೆಗೆ ಶಕ್ತಿ ಬರುವುದಿಲ್ಲ ಎಂದು ಅಜ್ಜಿಯ ಒತ್ತಾಯ. ಅಮ್ಮನಿಗೆ ಸಿಟ್ಟಿರಲಿಲ್ಲ, ದುಃಖವೂ ಕಾಣುತ್ತಿರಲಿಲ್ಲ. ನನ್ನ ಬಟ್ಟಲನ್ನು ನೋಡಿ ಮುಳ್ಳು ಸರಿಯಾಗಿ ತೆಗೆ ಎನ್ನುತ್ತಿದ್ದಳು, ಅಷ್ಟೇ.

ಹರಕೆಯಿಂದ ಒಂದು ತೊಂದರೆ ಎದ್ದಿತು. ಸಾರಿನ ಉಪ್ಪು ನೋಡುವವರು ಯಾರು? ಅಮ್ಮ ನೋಡುವಂತಿಲ್ಲ. ಅಜ್ಜಿಗೆ ಬಿಪಿ ಇತ್ತು, ಅವಳ ನಾಲಿಗೆಗೆ ಎಲ್ಲವೂ ಸಪ್ಪೆಯೇ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಚಾವಡಿಯಲ್ಲಿ ಭೌತಶಾಸ್ತ್ರದ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಾಗ ಅಡುಗೆಮನೆಯಿಂದ ಮೆಲ್ಲನೆ ಕರೆ ಬರುತ್ತಿತ್ತು.

"ಮಗಾ, ಒಂದು ನಿಮಿಷ. ಉಪ್ಪು ನೋಡಿ ಹೋಗು."

ನಾನು ಓಡುತ್ತಿದ್ದೆ. ಅಂಗೈ ಚಾಚಿದರೆ ಅಮ್ಮ ಸೌಟಿನಿಂದ ಒಂದು ಹನಿ ಬಿಡುತ್ತಿದ್ದಳು. ನೆಕ್ಕಿ, ಸಾಕು ಅಥವಾ ಸಾಲದು ಎನ್ನುತ್ತಿದ್ದೆ. ದಿನಕ್ಕೆ ಸಿಗುತ್ತಿದ್ದ ಬಿಡುವು ಅದೊಂದೇ. ಬೇಕೆಂದೇ ಎರಡನೇ ಹನಿ ಕೇಳುತ್ತಿದ್ದೆ. ಓದು ಹೇಗೆ ನಡೆದಿದೆ ಎಂದು ಅಮ್ಮ ಅಲ್ಲಿ ಒಮ್ಮೆಯೂ ಕೇಳಲಿಲ್ಲ. ನನಗಿದು ಬೇಡ ಎಂದು ಹೇಳುವುದಿದ್ದರೆ ಅಲ್ಲೇ ಹೇಳಬಹುದಿತ್ತು, ಒಲೆಯ ಮುಂದೆ, ಯಾರೂ ಇಲ್ಲದಾಗ. ಎಷ್ಟೋ ಸಲ ಮಾತು ಬಾಯಿಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಮುಚ್ಚಿಟ್ಟ ಹೆಸರುಕಾಳಿನ ಪಾತ್ರೆ ಕಣ್ಣಿಗೆ ಬೀಳುತ್ತಿತ್ತು. ಬಾಯಿ ಮುಚ್ಚಿಕೊಂಡು ಚಾವಡಿಗೆ ಬರುತ್ತಿದ್ದೆ.

ಕೋಚಿಂಗ್ ಉಡುಪಿಯ ಕಡಿಯಾಳಿಯ ಹತ್ತಿರ. ದಿನಾ ಬಸ್ಸು, ಕಾಪು, ಕಟಪಾಡಿ, ಉಡುಪಿ, ಮತ್ತೆ ಅದೇ ದಾರಿಯಲ್ಲಿ ವಾಪಸ್. ವಾರಕ್ಕೊಂದು ಮಾದರಿ ಪರೀಕ್ಷೆ. ಅಂಕ ಒಂದು ವಾರ ಮೇಲೆ ಹೋದರೆ ಮೂರು ವಾರ ಕೆಳಗೆ. ಗೊತ್ತಿದ್ದ ಉತ್ತರವೂ ಗಡಿಯಾರ ನೋಡಿದ ಕೂಡಲೇ ತಲೆಯಿಂದ ಜಾರಿ ಹೋಗುತ್ತಿತ್ತು. ರಾಸಾಯನಿಕ ಕ್ರಿಯೆಗಳು ನನಗೆ ನಿಜಕ್ಕೂ ಇಷ್ಟ; ಒಂದು ಸಮೀಕರಣ ಹಿಡಿದುಕೊಂಡು ಅರ್ಧ ಗಂಟೆ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಉಳಿದವರು ಮೂವತ್ತು ಪ್ರಶ್ನೆ ಮುಗಿಸಿರುತ್ತಿದ್ದರು. ಕೋಚಿಂಗಿನ ಸರ್ ಮಾತ್ರ ಎಲ್ಲರಿಗೂ ಒಂದೇ ಮಂತ್ರ ಹೇಳುತ್ತಿದ್ದರು.

"ತಪ್ಪು ಉತ್ತರಕ್ಕೆ ಮಾರ್ಕ್ ಕಳೆಯುವುದಿಲ್ಲ. ಗೊತ್ತಿಲ್ಲದಿದ್ದರೆ ಕಣ್ಣು ಮುಚ್ಚಿ ಯಾವುದಾದರೂ ಒಂದು ಉತ್ತರದ ಗುಂಡು ತುಂಬಿಸಿ. ಖಾಲಿ ಬಿಟ್ಟು ಬಂದರೆ ನಿಮ್ಮಂತಹ ದಡ್ಡರು ಬೇರೆ ಇಲ್ಲ."

ಪರೀಕ್ಷೆ ಮಣಿಪಾಲದಲ್ಲಿತ್ತು. ಜೀವಶಾಸ್ತ್ರದ ದಿನ ಮಾವ ಕಡಲಿಗೂ ಹೋಗದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಮನಸ್ಸು ಕೆಡಬಾರದಲ್ಲ. ಡಾಕ್ಟರ್ ಆಗಬೇಕಾದವರಿಗೆ ಮುಖ್ಯವಾದದ್ದು ಈ ಪರೀಕ್ಷೆಯೇ ಎಂದು ಅವರಿಗೂ ಗೊತ್ತಿತ್ತು. ಹಾಲ್‌ನಲ್ಲಿ ಕೂತು ಪ್ರಶ್ನೆ ಬಿಡಿಸತೊಡಗಿದೆ. ಮೊದಲ ಹನ್ನೊಂದು ಸುಲಭವಿದ್ದವು, ತುಂಬಿಸಿದೆ. ಹನ್ನೆರಡನೆಯದರ ಉತ್ತರವೂ ಗೊತ್ತಿತ್ತು. ಪೆನ್ನನ್ನು ಗುಂಡಿನ ಮೇಲೆ ಇಟ್ಟೆ. ಕೈ ಮುಂದೆ ಹೋಗಲಿಲ್ಲ. ಚೆನ್ನಾಗಿ ಬರೆದರೆ ಇನ್ನೂ ಐದಾರು ವರ್ಷ ಮನೆಯವರು ಹೀಗೆಯೇ ತುದಿಗಾಲಲ್ಲಿ ನಡೆಯುತ್ತಾರೆ, ಕೆಟ್ಟದಾಗಿ ಬರೆದರೆ ಸಹಾಯ ಮತ್ತೊಂದು ವರ್ಷ ಮುಂದುವರಿಯುತ್ತದೆ ಎಂದು ಅನಿಸಿತು. ಎರಡೂ ಬೇಡವೆನಿಸಿ ಪೆನ್ನು ಕೆಳಗಿಟ್ಟೆ. ಉಳಿದಷ್ಟೂ ಹೊತ್ತು ಕಿಟಕಿ ನೋಡುತ್ತಾ ಕೂತೆ. ಆ ವರ್ಷದಲ್ಲಿ ನಾನು ನೆಮ್ಮದಿಯಾಗಿ ಕೂತದ್ದು ಅಷ್ಟು ಹೊತ್ತು ಮಾತ್ರ. ನಾನು ಬರೆಯದಿದ್ದರೆ ಅಮ್ಮನ ಬಟ್ಟಲಿಗೆ ಮೀನು ಬರುವುದಿಲ್ಲ ಎಂಬುದು ತಲೆಗೇ ಹೊಳೆಯಲಿಲ್ಲ. ಹೊಳೆದಿದ್ದರೆ ತುಂಬಿಸುತ್ತಿದ್ದೆ.

ಉತ್ತರದ ಹಾಳೆಯ ಕೆಳಗೆ ಅದರದೇ ಒಂದು ಪ್ರತಿ ಇರುತ್ತದೆ. ಅದನ್ನು ಹರಿದು ನಮಗೇ ಕೊಡುತ್ತಿದ್ದರು. ಹೊರಗೆ ಬಂದಾಗ ಮಾವ ಕೈ ಚಾಚಿ ಅದನ್ನೇ ಕೇಳಿದರು. ಪೇಪರಿನಲ್ಲಿ ಬರುವ ಉತ್ತರದೊಂದಿಗೆ ಸರಿಹೊಂದಿಸಿ ನೋಡಲಿಕ್ಕೆ.

"ಈ ಸಲ ಕೊಡಲಿಲ್ಲ ಮಾವ. ಎರಡನ್ನೂ ಅವರೇ ಇಟ್ಟುಕೊಂಡ್ರು" ಅಂದೆ. ಹಾಳೆ ನನ್ನ ಚೂಡಿದಾರದ ಸೊಂಟದಲ್ಲಿತ್ತು.

ಫಲಿತಾಂಶ ಬಂತು. ಭೌತಶಾಸ್ತ್ರ, ರಸಾಯನಶಾಸ್ತ್ರ ಹೇಗೋ ಇದ್ದವು. ಜೀವಶಾಸ್ತ್ರದಲ್ಲಿ ಅರವತ್ತಕ್ಕೆ ಹನ್ನೊಂದು. ಮಾವ ಕೋಚಿಂಗಿಗೆ ಹೋಗಿ ಕೇಳಿದರು. ಕಣ್ಣು ಮುಚ್ಚಿ ಬರೆದರೂ ಇದಕ್ಕಿಂತ ಹೆಚ್ಚು ಬರಬೇಕಿತ್ತು ಎಂದು ಆ ಸರ್ ತಲೆ ಕೆರೆದುಕೊಂಡರಂತೆ. ಮಾವನಿಗೆ ಅಷ್ಟೇ ಸಾಕಾಯಿತು. ಮನೆಗೆ ಬಂದು ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿದರು.

"ಇದು ಓದಿನ ದೋಷ ಅಲ್ಲ. ಕಳೆದ ಸಲ ಇದರ ಮೂರು ಪಾಲು ಬಂದದ್ದು ಈ ಸಲ ಹೀಗೆ ಆಗ್ಲಿಕ್ಕೆ ಸಾಧ್ಯವೇ ಇಲ್ಲ. ಎಲ್ಲೋ ದೈವಕ್ಕೆ ನಮ್ಮಿಂದ ತಪ್ಪು ಆಗಿದೆ. ಯಾರಿಂದ ಎಂತ ಆಗಿದೆ, ಈಗಲೇ ಹೇಳಿ."

ನಾನು ನೆಲದ ಬಿರುಕು ನೋಡುತ್ತಿದ್ದೆ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ನನ್ನಿಂದ ಆದದ್ದು ಅಣ್ಣ. ಅವಳ ಪರೀಕ್ಷೆಯ ಮುಂಚಿನ ದಿನ ಬಂಗುಡೆ ಸಾರು ಮಾಡಿದ್ದೆ. ಅವಳು ಕೊನೇ ಸರ್ತಿ ಓದ್ತಾ ಇದ್ಳು, ಎಬ್ಬಿಸುವುದು ಬೇಡ ಅಂತ ಕರೀಲಿಲ್ಲ. ಏನೋ ಗಡಿಬಿಡಿ. ಹಳೇ ಅಭ್ಯಾಸ ನೋಡಿ, ಕೈಗೆ ಒಂದು ಹನಿ ಹಾಕಿ ನೆಕ್ಕಿಬಿಟ್ಟೆ. ನುಂಗಿದ ಮೇಲೆ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ. ಆ ಒಂದು ಹನಿಯಲ್ಲಿ ನನ್ನ ಮಗಳ ಸೀಟ್ ಹೋಯ್ತು."

ಅಜ್ಜಿ ತಲೆಯ ಮೇಲೆ ಕೈಯಿಟ್ಟುಕೊಂಡಳು. ಮಾವ ಕಣ್ಣು ಮುಚ್ಚಿ ಕೂತರು, ಬೈಯಲಿಲ್ಲ. ಬರುವ ಸಂಕ್ರಮಣದ ದಿನ ಕುಟುಂಬದವರ ಮುಂದೆ ತಪ್ಪು ಕಾಣಿಕೆ ಇಟ್ಟು ದೈವದ ಕ್ಷಮೆ ಕೇಳುವುದು, ಅಮ್ಮ ಹರಕೆಯನ್ನು ಮೊದಲಿನಿಂದ ಹಿಡಿಯುವುದು, ನಾನು ಮೂರನೇ ಸಲ ಬರೆಯುವುದು ಎಂದು ನಿಶ್ಚಯವಾಯಿತು. ಸಂಕ್ರಮಣಕ್ಕೆ ಐದು ದಿನ ಇತ್ತು. ಆ ಐದು ದಿನ ನಾನು ಮನೆಯ ಒಳಗೂ ಹೊರಗೂ ಎಷ್ಟು ಸಲ ನಡೆದೆನೋ ಲೆಕ್ಕವಿಲ್ಲ. ಹಿಂದಿನ ಮೆಟ್ಟಿಲಲ್ಲಿ ಕೂತರೆ ಕೂರಲಾಗದು, ಎದ್ದರೆ ನಿಲ್ಲಲಾಗದು. ಪುಸ್ತಕಗಳ ನಡುವೆ ಅಡಗಿಸಿಟ್ಟ ಹಾಳೆಯನ್ನು ತೆಗೆದು ನೋಡುವುದು, ಮತ್ತೆ ಇಡುವುದು. ಅಮ್ಮ ಯಾರ ಮುಖವನ್ನೂ ನೋಡದೆ ಕೆಲಸ ಮಾಡುತ್ತಿದ್ದಳು. ನನ್ನ ಹತ್ತಿರ ಹಾದು ಹೋಗುವಾಗಲೆಲ್ಲ ಕ್ಷಮೆ ಕೇಳುವವಳಂತೆ ನನ್ನ ತಲೆ ಸವರುತ್ತಿದ್ದಳು. ಅವಳು ಹಾಗೆ ಸವರಿದಾಗ ನನಗೆ ಆದ ನಾಚಿಕೆಯನ್ನು ಈ ವಯಸ್ಸಿನಲ್ಲೂ ಬರೆಯಲು ಕಷ್ಟವಾಗುತ್ತದೆ. ಆದರೂ ಬಾಯಿ ಬಿಡಲಿಲ್ಲ. ಹೇಡಿ ಎಂಬ ಪದ ನನಗೆ ಸರಿಯಾಗಿ ಅರ್ಥವಾದದ್ದು ಆ ವಾರ.

ಸಂಕ್ರಮಣದ ಬೆಳಿಗ್ಗೆ ಕುಟುಂಬದವರು ಹತ್ತು ಹದಿನೈದು ಮಂದಿ ಬಂದರು. ದೈವದ ಕೋಣೆಯಲ್ಲಿ ದೀಪ ಹಚ್ಚಿ, ದೈವದ ಮಂಚದ ಮುಂದೆ ಎಲೆ ಅಡಿಕೆ ಇಟ್ಟು ಮಾವ ಕೈ ಮುಗಿದು ನಿಂತರು. ಅಮ್ಮ ಅವರ ಪಕ್ಕದಲ್ಲಿ, ಕಾಣಿಕೆಯ ನಾಣ್ಯ ಮುಷ್ಟಿಯಲ್ಲಿ.

"ಸ್ವಾಮೀ, ನಿಮ್ಮ ಮನೆಯ ಹೆಣ್ಣುಮಗಳು ಜಲಜಳಿಂದ ಗೊತ್ತಿಲ್ಲದೆ ಒಂದು ತಪ್ಪು ನಡೆದುಹೋಗಿದೆ. ಅದರಿಂದಾಗಿ ಅವಳ ಮಗಳಿಗೆ..."

"ಅಮ್ಮನಿಂದ ಅಲ್ಲ ಮಾವ."

ಇದು ನನ್ನ ದನಿಯೇ ಎಂದು ನನಗೇ ನಂಬಿಕೆಯಾಗಲಿಲ್ಲ, ಅಷ್ಟು ಜೋರಾಗಿತ್ತು. ಎಲ್ಲರೂ ತಿರುಗಿದರು. ನಾನು ಒಳಗೆ ಓಡಿ ಆ ಹಾಳೆ ತಂದೆ. ಮಾವನ ಕೈಗೆ ಕೊಡದೆ ಅಮ್ಮನ ಕೈಗೆ ಕೊಟ್ಟೆ. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಓದುವುದೇನೂ ಅದರಲ್ಲಿ ಇರಲಿಲ್ಲ. ಮೇಲಿನ ಹನ್ನೊಂದು ಸಾಲುಗಳಲ್ಲಿ ಒಂದೊಂದು ಗುಂಡು ಕಪ್ಪಾಗಿತ್ತು, ಅದರ ಕೆಳಗೆ ಕೊನೆಯವರೆಗೂ ಎಲ್ಲವೂ ಬಿಳಿ. ಅವಳು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎಳೆದಳು. ಮತ್ತೊಮ್ಮೆ ಎಳೆದಳು.

"ಇದು ಎಂತ?"

"ನಾನು ಬರೀಲಿಲ್ಲ ಅಮ್ಮ. ಗೊತ್ತಿದ್ದದ್ದನ್ನೂ ಬರೀದೆ ಕಿಟಕಿ ನೋಡ್ತಾ ಕೂತೆ. ನನಗೆ ಡಾಕ್ಟರ್ ಆಗ್ಲಿಕ್ಕೆ ಇಲ್ಲ. ನಿನ್ನ ಸಾರಿನಿಂದ ಎಂತದೂ ಆಗಲಿಲ್ಲ."

ಮಾವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. ದೈವದ ಮುಂದೆ ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಹೇಗೆ ಮುಗಿಸುವುದೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ, "ಮಕ್ಕಳು ಹೇಳಿದ್ದು ನಿಮಗೂ ಕೇಳಿಸಿತಲ್ಲ ಸ್ವಾಮೀ, ಇನ್ನು ನೀವೇ ನೋಡಿಕೊಳ್ಳಿ" ಎಂದು ಅಡ್ಡಬಿದ್ದರು. ಅಮ್ಮ ಕಾಣಿಕೆ ಇಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಆ ದಿನ ಪೂರ್ತಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಸಂಜೆ ತಲೆ ಸವರಲೂ ಇಲ್ಲ.

ಮರುದಿನ ಮಧ್ಯಾಹ್ನ. ಬೋಟುಗಳು ಕಡಲಿಗೆ ಇಳಿಯದ ತಿಂಗಳು, ಹಸಿ ಮೀನು ಸಿಗುವಂತಿರಲಿಲ್ಲ. ಅಮ್ಮ ಅಟ್ಟದಿಂದ ಒಣ ಬಂಗುಡೆಯ ಡಬ್ಬ ಇಳಿಸಿದಳು. ಯಾರನ್ನೂ ಕೇಳಲಿಲ್ಲ. ಹರಕೆಯ ಗತಿ ಏನು ಎಂದು ಅಜ್ಜಿ ಗೊಣಗಿದ್ದಕ್ಕೆ, "ದೈವಕ್ಕೆ ಮಗಳು ಉತ್ತರ ಕೊಟ್ಟಿದ್ದಾಳೆ, ನಿಮಗೆ ನಾನು ಕೊಡ್ಲಿಕ್ಕಿಲ್ಲ" ಅಂದಳು. ಕೆಂಡದ ಮೇಲೆ ಮೀನು ಸುಟ್ಟು, ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ನೆಲದ ಮೇಲೆ ಕೂತಳು. ಬಾಗಿಲಲ್ಲಿ ನಿಂತ ನನ್ನನ್ನು ಕಂಡದ್ದೇ ತಡ, ಶುರುವಾಯಿತು.

"ಎಂತ ನೋಡ್ತಾ ನಿಂತದ್ದು? ಹದಿಮೂರು ತಿಂಗಳು ಮಾರಾಯ್ತಿ, ಹದಿಮೂರು ತಿಂಗಳು ಹೆಸರುಕಾಳು ತಿಂದು ನನ್ನ ನಾಲಿಗೆ ಸತ್ತೇ ಹೋಗಿದೆ! ನಾನು ನಿನ್ನ ತಾಯಿಯಾ, ಇಲ್ಲ ಪರೀಕ್ಷೆ ಬರೆಸುವ ಹೆಂಗಸಾ? ಬೇಡ ಅಂತ ಒಂದು ಮಾತು ಹೇಳ್ಲಿಕ್ಕೆ ನಿನ್ನ ಬಾಯಿಗೆ ಎಂತ ಆಗಿತ್ತು? ದಿನಾ ನನ್ನ ಮುಂದೆ ಕೈ ಚಾಚಿ ನಿಲ್ತಿದ್ದಿಯಲ್ಲ, ಆಗ ಹೇಳ್ಲಿಕ್ಕೆ ಆಗ್ಲಿಲ್ವಾ? ಆ ಹನಿ ನೆಕ್ಕಿದ ಮೇಲೆ ನಾನು ಒಂದು ರಾತ್ರಿ ಸರಿ ನಿದ್ದೆ ಮಾಡಿದವಳಲ್ಲ, ಗೊತ್ತುಂಟಾ ನಿನಗೆ? ಕಳ್ಳಿ! ಕೂತು ಕಿಟಕಿ ನೋಡಿದ್ದಂತೆ!"

ಬಸ್ ಸ್ಟಾಪಿನವರೆಗೂ ಕೇಳಿಸಿರಬೇಕು. ಟಾರ್ಪಾಲಿನಡಿಯಲ್ಲಿ ಬಲೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿದ್ದರು. ಮಾವ ಒಮ್ಮೆ ಬಾಗಿಲಿಗೆ ಬಂದು, ಅಮ್ಮನ ಮುಖ ನೋಡಿ, ಬಂದ ದಾರಿಯಲ್ಲೇ ಹಿಂದೆ ಹೋದರು. ನಾನು ಹುಟ್ಟಿದಂದಿನಿಂದ ಮಾಡಿದ ತಪ್ಪುಗಳನ್ನೆಲ್ಲ ಅವಳು ಒಂದೊಂದಾಗಿ ಎತ್ತಿ ಆಡಿದಳು. ಒಡೆದ ಚಾದ ಗ್ಲಾಸೂ ಅದರಲ್ಲಿ ಬಂತು. ನಾನು ಬಾಗಿಲಿಗೆ ಒರಗಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಹೆದರಿ ಅತ್ತದ್ದಲ್ಲ. ಅಷ್ಟು ತಿಂಗಳ ಮೇಲೆ ಆ ಮನೆಯಲ್ಲಿ ಯಾರೋ ನನ್ನೊಡನೆ ನಿಜವಾಗಿ ಮಾತಾಡುತ್ತಿದ್ದರು.

ಬೈದು ಬೈದು ಗಂಟಲು ಒಣಗಿ ಅಮ್ಮ ಒಂದು ಚೆಂಬು ನೀರು ಕುಡಿದಳು. ಕೆಂಡದ ಮೇಲಿನ ಇನ್ನೊಂದು ಮೀನನ್ನು ಮಗುಚಿ ಹಾಕಿದಳು. ಆಮೇಲೆ ನನ್ನ ಮುಖ ನೋಡದೆಯೇ ಅಂದಳು:

"ಬಟ್ಟಲು ತಾ."